ದಯಾದ್ವಾರದ ಸ್ಥಾನಾಂತರ

ದೇವಾಲಯದ ಜೀರ್ಣೋದ್ಧಾರ ಕಾಲದಲ್ಲಿ ಮೂಲಸ್ಥಾನದ ಚೈತನ್ಯವನ್ನು ಕಲಶಕ್ಕೆ ಆವಾಹಿಸಿ, ಬಾಲಾಲಯದಲ್ಲಿರಿಸಿ, ಹೊಸ ಗರ್ಭಗುಡಿ ಸಿದ್ಧವಾದ ಮೇಲೆ ಬ್ರಹ್ಮಕಲಶೋತ್ಸವದೊಡನೆ ಮರಳಿ ಪ್ರತಿಷ್ಠಿಸುವ ಕ್ರಮವು ತುಳುನಾಡಿನವರಿಗೆ ಸುಪರಿಚಿತವಾದುದು. ಪುತ್ತೂರು ಸೀಮೆಯ ಕೆದಂಬಾಡಿಯಂತಹ ಗ್ರಾಮದ ಒಕ್ಕಲಿಗನೂ ಈ ವಿಧಿಯ ಅರ್ಥವನ್ನು ಬಲ್ಲನು. ಕಟ್ಟಡ ಹಳತಾಗಬಹುದು, ಗೋಡೆ ಬಿರಿಯಬಹುದು; ಆದರೆ ಅದರೊಳಗಿನದನ್ನು ಒಂದು ದಿನವೂ ನೆಲೆಯಿಲ್ಲದಂತೆ ಬಿಡಲಾಗದು ಎಂಬುದೇ ಅದರ ತಾತ್ಪರ್ಯ. ಕರಸ್ಥಲದಲ್ಲಿ ಇಷ್ಟಲಿಂಗವನ್ನು ಧರಿಸಿದ ವೀರಶೈವನಿಗೆ ಈ ಪ್ರಶ್ನೆಯೇ ಬೇರೊಂದು ರೀತಿಯಲ್ಲಿ ಪರಿಹಾರವಾಗಿದೆ. ಅವನ ದೇವನು ಅವನೊಡನೆಯೇ ನಡೆಯುವವನು. ಅವನಿಗೆ ಗುಡಿಯ ಸ್ಥಾನಾಂತರವೆಂಬುದು ದೇವರ ಸ್ಥಾನಾಂತರವಲ್ಲ.

ಈ ಎರಡು ಕ್ರಮಗಳ ನಡುವೆ ಮೂರನೆಯದೊಂದು ಉಂಟು. ಅದು ಯೆಹೂದ್ಯರದು. ಅವರಿಗೆ ಮೂರ್ತಿಯಿಲ್ಲ, ಕಲಶವಿಲ್ಲ, ಕರಸ್ಥಲದ ಲಿಂಗವೂ ಇಲ್ಲ. ಅವರು ಒಂದು ಮಂದಿರದಿಂದ ಮತ್ತೊಂದಕ್ಕೆ ಹೊರಡುವಾಗ ಎದೆಗವಚಿಕೊಂಡು ಒಯ್ಯುವುದು ಬರೆದ ಗ್ರಂಥವನ್ನು. ಈ ಸಮುದಾಯದ ಚರಿತ್ರೆಯ ಒಂದೆರಡು ಮುಖ್ಯ ಎಳೆಗಳು ಕನ್ನಡ ನಾಡಿನ ಮೂಲಕವೇ ಹಾದುಹೋಗಿವೆಯಾದರೂ ನಮ್ಮ ಇತಿಹಾಸ ಗ್ರಂಥಗಳಲ್ಲಿ ಅವುಗಳಿಗೆ ದೊರೆತ ಸ್ಥಳ ಅತ್ಯಲ್ಪ. ಮುಂಬಯಿಯ ಅತ್ಯಂತ ಪ್ರಾಚೀನವಾದ ಯೆಹೂದ್ಯ ಮಂದಿರವು ಮೈಸೂರಿನ ಸೆರೆಯೊಂದರಿಂದ ಹುಟ್ಟಿದ್ದೆಂಬ ಸಂಗತಿಯಂತೂ ಬಹುಮಂದಿಗೆ ಅಪರಿಚಿತ. ಆ ಮಂದಿರದ ಹುಟ್ಟು, ಅದರ ಸ್ಥಾನಾಂತರ, ಅದರಿಂದ ಏಳುವ ಪ್ರಶ್ನೆ ಇವೇ ಪ್ರಕೃತ ಲೇಖನದ ವಿಷಯ.

ಮಂದಿರವೆಂದರೇನು?

ಜೆರೂಸಲೇಮಿನ ಮಹಾದೇವಾಲಯವು ಕ್ರಿ. ಶ. 70ರಲ್ಲಿ ರೋಮನರ ಕೈಯಿಂದ ನಾಶವಾಯಿತು. ಬಲಿ, ಹೋಮ, ಪುರೋಹಿತರ ಸೇವೆ ಎಲ್ಲವೂ ಅದರೊಂದಿಗೇ ನಿಂತುಹೋದುವು. ಆ ಬಳಿಕ ಯೆಹೂದ್ಯರ ಧಾರ್ಮಿಕ ಜೀವನಕ್ಕೆ ಆಧಾರವಾದುದು ಊರೂರಿನ ಪ್ರಾರ್ಥನಾ ಮಂದಿರ. ಹೀಬ್ರೂ ಭಾಷೆಯಲ್ಲಿ ಅದಕ್ಕೆ 'ಬೇತ್ ಕ್ನೆಸೆತ್' ಎಂದು ಹೆಸರು. ಇದರ ಅರ್ಥ ದೇವರ ಮನೆ ಎಂದಲ್ಲ, ಕೂಡುವ ಮನೆ ಎಂದು. ಅನುಭವ ಮಂಟಪದ ಹೆಸರನ್ನು ಬಲ್ಲವರಿಗೆ ಈ ಭೇದದ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಸಂಪ್ರದಾಯದಂತೆ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರಾದರೂ ಸೇರಬೇಕು. ಹತ್ತು ಮಂದಿ ಸೇರಿದರೆ ಮರದ ನೆರಳೂ ಮಂದಿರವಾದೀತು. ಸೇರದಿದ್ದರೆ ಅಮೃತಶಿಲೆಯ ಭವನದಲ್ಲಿಯೂ ಪೂರ್ಣಪ್ರಮಾಣದ ಪ್ರಾರ್ಥನೆ ನಡೆಯದು.

ಮಂದಿರದೊಳಗೆ ಜೆರೂಸಲೇಮಿನ ದಿಕ್ಕಿಗಿರುವ ಗೋಡೆಯಲ್ಲಿ, ಎಂದರೆ ಭಾರತದಲ್ಲಿ ಪಶ್ಚಿಮದ ಗೋಡೆಯಲ್ಲಿ, ಒಂದು ಪವಿತ್ರ ಪೆಟ್ಟಿಗೆ ಇರುತ್ತದೆ. ಅದರೊಳಗೆ ತೋರಾ ಎಂಬ ಧರ್ಮಗ್ರಂಥದ ಸುರುಳಿಗಳಿರುತ್ತವೆ. ಹದಮಾಡಿದ ಚರ್ಮದ ಮೇಲೆ ಲಿಪಿಕಾರನು ಕೈಯಿಂದಲೇ ಬರೆದ ಈ ಗ್ರಂಥದಲ್ಲಿ 3,04,805 ಅಕ್ಷರಗಳಿವೆಯೆಂದು ಸಂಪ್ರದಾಯದವರು ಎಣಿಸಿದ್ದಾರೆ. ಒಂದಕ್ಷರ ತಪ್ಪಿದರೂ ತಿದ್ದುವವರೆಗೆ ಆ ಸುರುಳಿಯನ್ನು ವಿಧಿಯಲ್ಲಿ ಓದುವಂತಿಲ್ಲ. ಸುರುಳಿ ಜೀರ್ಣವಾದರೆ ಅದನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ. ಮನುಷ್ಯನಂತೆಯೇ ಅದನ್ನು ಭೂಮಿಗೆ ಒಪ್ಪಿಸಬೇಕು.

ಕ್ರಿ. ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಎಂಬ ಶಾಸ್ತ್ರಗ್ರಂಥದಲ್ಲಿ ಈ ಪವಿತ್ರ ವಸ್ತುಗಳ ತಾರತಮ್ಯವನ್ನು ಒಂದು ವ್ಯವಹಾರದ ನಿಯಮದ ಮೂಲಕ ಹೇಳಲಾಗಿದೆ. ಮಂದಿರವನ್ನು ಮಾರಿದ ಹಣದಿಂದ ಪೆಟ್ಟಿಗೆಯನ್ನು ಕೊಳ್ಳಬಹುದು. ಪೆಟ್ಟಿಗೆಯನ್ನು ಮಾರಿ ಸುರುಳಿಯ ವಸ್ತ್ರಗಳನ್ನೂ, ವಸ್ತ್ರಗಳನ್ನು ಮಾರಿ ಗ್ರಂಥಗಳನ್ನೂ, ಗ್ರಂಥಗಳನ್ನು ಮಾರಿ ತೋರಾ ಸುರುಳಿಯನ್ನೂ ಕೊಳ್ಳಬಹುದು. ಆದರೆ ಈ ಕ್ರಮವನ್ನು ತಿರುಗುಮುರುಗು ಮಾಡುವಂತಿಲ್ಲ. ಸುರುಳಿಯನ್ನು ಮಾರಿ ಗೋಡೆ ಕಟ್ಟುವುದು ನಿಷಿದ್ಧ. ಪಾವಿತ್ರ್ಯದಲ್ಲಿ ಏರುವುದಕ್ಕೆ ಮಾತ್ರ ಅಪ್ಪಣೆ, ಇಳಿಯುವುದಕ್ಕಿಲ್ಲ. ಕಟ್ಟಡವು ಈ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲುಗಳಲ್ಲಿದೆ. ಅಕ್ಷರವು ಅದರ ಶಿಖರದಲ್ಲಿದೆ.

ಆದರೂ ಕಟ್ಟಡವನ್ನು ಅವರು ತೃಣೀಕರಿಸಲಿಲ್ಲ. ಹೊಸದನ್ನು ಕಟ್ಟಿ ಮುಗಿಸುವ ಮೊದಲು ಹಳೆಯ ಮಂದಿರವನ್ನು ಕೆಡವಬಾರದೆಂದು ತಾಲ್ಮೂದ್ ವಿಧಿಸುತ್ತದೆ. ಕೆಡವಿದವರಿಗೆ ಮತ್ತೆ ಕಟ್ಟುವ ಉತ್ಸಾಹ ಉಳಿಯುವುದೋ ಇಲ್ಲವೋ ಎಂಬ ಲೋಕಾನುಭವವೇ ಇದಕ್ಕೆ ಕಾರಣ. ಗೋಡೆ ಬಿರಿದು ಬೀಳುವಂತಿದ್ದರೆ ಮಾತ್ರ ಈ ನಿಯಮಕ್ಕೆ ವಿನಾಯಿತಿ. ಅಂತಹ ಸಂದರ್ಭದಲ್ಲಿ ಬಾಬಿಲೋನಿಯದ ಆಚಾರ್ಯ ರಾವ್ ಆಶಿ ಎಂಬಾತನು ಬಿರುಕುಬಿಟ್ಟ ಮಂದಿರವನ್ನು ಕೆಡವಿಸಿ, ತನ್ನ ಮಂಚವನ್ನು ಆ ಬಯಲಿಗೇ ಸಾಗಿಸಿ, ಹೊಸ ಕಟ್ಟಡದ ಸೂರಿಗೆ ನೀರಿನ ಕೊಳವೆ ಕೂಡಿಸುವವರೆಗೆ ಅದನ್ನು ಅಲ್ಲಿಂದ ತೆಗೆಯಲಿಲ್ಲವಂತೆ. ತಾನೂ ಬಿಸಿಲು ಮಳೆಗೆ ಮೈಯೊಡ್ಡಿದರೆ ಕೆಲಸ ನಿಲ್ಲದೆಂದು ಆ ಹಿರಿಯನು ಬಗೆದಿದ್ದನು. ಮಂದಿರವು ಹಾಳಾದ ಮೇಲೆಯೂ ಅದರ ಪಾವಿತ್ರ್ಯ ಹೋಗದೆಂಬುದು ಇನ್ನೊಂದು ನಿಯಮ. ಆ ಹಾಳುನೆಲದಲ್ಲಿ ಹಗ್ಗ ಹೊಸೆಯಬಾರದು, ಬಲೆ ಹರಡಬಾರದು, ಕಾಯಿಹಣ್ಣು ಒಣಗಿಸಬಾರದು, ಹತ್ತಿರದ ದಾರಿಯೆಂದು ಅಡ್ಡಹಾಯಬಾರದು. ಹುಲ್ಲು ಬೆಳೆದರೆ ಅದನ್ನು ಕೀಳಲೂಬಾರದು. ನೋಡಿದವರ ಮನಸ್ಸು ನೋಯಲಿ ಎಂಬುದೇ ಇದರ ಉದ್ದೇಶ.

ಮಂಗಳೂರಿನ ವರ್ತಕ

ಕೆದಂಬಾಡಿ ಎಂಬ ಹೆಸರು 1837ರ ರೈತ ಬಂಡಾಯದ ನಾಯಕ ಕೆದಂಬಾಡಿ ರಾಮಯ್ಯ ಗೌಡನಿಂದಾಗಿ ನಾಡಿಗೆಲ್ಲ ಪರಿಚಿತವಾಗಿದೆ. ಅಂದು ಬಂಡಾಯದ ದಂಡು ಬೆಳ್ಳಾರೆ, ಪುತ್ತೂರುಗಳ ದಾರಿಯಾಗಿ ಸಾಗಿ ಮಂಗಳೂರನ್ನು ಮುಟ್ಟಿತು. ಘಟ್ಟದ ಬುಡದಿಂದ ಬಂದರಿಗೆ ಇಳಿಯುವ ಇಂತಹ ಹಾದಿಗಳು ದಂಡಿಗಿಂತ ಬಹುಪೂರ್ವದಲ್ಲಿಯೇ ವ್ಯಾಪಾರಕ್ಕೆ ಒದಗಿದ್ದುವು. ಮೆಣಸು, ಏಲಕ್ಕಿ, ಅಡಕೆಗಳನ್ನು ಕಡಲಾಚೆಗೆ ಕಳುಹಿಸುತ್ತಿದ್ದ ಮಂಗಳೂರಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಯೆಹೂದ್ಯ ವರ್ತಕನಿದ್ದನು. ಅವನ ಹೆಸರು ಅಬ್ರಹಾಂ ಬೆನ್ ಯಿಜೂ. ಟ್ಯುನೀಸಿಯದ ಮಹ್ದಿಯಾ ಪಟ್ಟಣದವನಾದ ಈತನು ಏಡನ್ ಮಾರ್ಗವಾಗಿ ಇಲ್ಲಿಗೆ ಬಂದು, ಸುಮಾರು 1132ರಿಂದ 1149ರವರೆಗೆ ನೆಲೆಸಿ, ಕಂಚು ಹಿತ್ತಾಳೆಗಳ ಎರಕದ ಕಾರ್ಯಾಗಾರವನ್ನು ನಡೆಸಿದನು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ದಾಸ್ಯವಿಮೋಚನೆಯ ಪತ್ರವೊಂದರಿಂದ ಅವನು ಆಶು ಎಂಬ ದೇಶೀಯ ಸ್ತ್ರೀಯನ್ನು ಬಿಡುಗಡೆ ಮಾಡಿದುದು ತಿಳಿದುಬರುತ್ತದೆ. ಅವನ ವ್ಯಾಪಾರದ ಕೆಲಸಗಳಿಗಾಗಿ ಏಡನ್ನಿನವರೆಗೆ ಹೋಗಿಬರುತ್ತಿದ್ದ ಸೇವಕನೊಬ್ಬನ ಹೆಸರು ಆ ಪತ್ರಗಳಲ್ಲಿದೆ. ಅದು ತುಳುವರ 'ಬೊಮ್ಮ' ಎಂಬ ಹೆಸರೇ ಇರಬೇಕೆಂದು ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ್ದಾರೆ.

ಈ ಕಾಲವನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ಬಸವಣ್ಣನವರ ಬಾಲ್ಯ ಯೌವನಗಳ ದಿನಗಳು ಇವೇ. ಘಟ್ಟದ ಮೇಲೆ ಕಾಯಕಕ್ಕೂ ದಾಸೋಹಕ್ಕೂ ಹೊಸ ಅರ್ಥ ಮೂಡುವ ಕಾಲ ಸಮೀಪಿಸುತ್ತಿದ್ದಾಗ, ಘಟ್ಟದ ಕೆಳಗೆ ಆಳುಪರ ನಾಡಿನಲ್ಲಿ ಪರದೇಶಿ ವರ್ತಕನೊಬ್ಬನು ತನ್ನ ದೇವರನ್ನು ಹೀಬ್ರೂ ಭಾಷೆಯಲ್ಲಿ ಸ್ತುತಿಸುತ್ತ, ಏಡನ್ನಿನ ಮಿತ್ರರು ಉಡುಗೊರೆಯಾಗಿ ಕಳುಹಿಸಿದ ಕಾಗದವನ್ನು ಜೋಪಾನವಾಗಿ ಬಳಸುತ್ತ, ಬಂದ ಪತ್ರಗಳ ಬೆನ್ನಿಗೇ ಲೆಕ್ಕಗಳನ್ನು ಬರೆಯುತ್ತ ಕುಳಿತಿದ್ದನು.

ಈ ಪತ್ರಗಳು ಇಂದಿಗೆ ಉಳಿದುಬಂದ ಬಗೆ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ದೇವನಾಮವಿರಬಹುದಾದ ಯಾವ ಬರಹವನ್ನೂ ನಾಶಮಾಡಬಾರದೆಂಬ ನಂಬಿಕೆಯಿಂದ ಯೆಹೂದ್ಯರು ಹಳೆಯ ಕಾಗದಗಳನ್ನು ಮಂದಿರದ ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. ಅದಕ್ಕೆ ಗೆನೀಜಾ ಎಂದು ಹೆಸರು. ಬೆನ್ ಯಿಜೂ ಮಂಗಳೂರನ್ನು ಬಿಟ್ಟು ಏಡನ್ನಿಗೂ ಅಲ್ಲಿಂದ ಈಜಿಪ್ಟಿಗೂ ಹೋದಾಗ ತನ್ನ ಕಾಗದಗಳನ್ನು ಜೊತೆಗೊಯ್ದನು. ಅವು ಕೈರೋ ಬಳಿಯ ಫುಸ್ತಾತಿನ ಬೆನ್ ಎಜ್ರಾ ಮಂದಿರದ ಗೆನೀಜಾ ಸೇರಿ ಏಳುನೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿದ್ದುವು. 1890ರ ಸುಮಾರಿನಲ್ಲಿ ಆ ಹಳೆಯ ಮಂದಿರವನ್ನು ಕೆಡವಿ ಹೊಸದನ್ನು ಕಟ್ಟುವಾಗ ಗೆನೀಜಾದ ಕಾಗದಗಳು ಹೊರಬಿದ್ದು ಪಂಡಿತರ ಮತ್ತು ವ್ಯಾಪಾರಿಗಳ ಕೈಸೇರತೊಡಗಿದುವು. ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು 1896-97ರಲ್ಲಿ ಕೈರೋವಿಗೆ ಹೋಗಿ ಎರಡು ಲಕ್ಷದ ಸಮೀಪ ಪತ್ರಖಂಡಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಎಸ್. ಡಿ. ಗೊಯ್ಟೈನ್ ಅವರು ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಕೂಡಿಸಿದರು. ಹೀಗೆ ನೋಡಿದರೆ, ಹನ್ನೆರಡನೆಯ ಶತಮಾನದ ಮಂಗಳೂರಿನ ಒಂದು ಮನೆಯ ಒಳಜೀವನವು ನಮಗೆ ದಕ್ಕಿದುದರಲ್ಲಿ ದೂರದೇಶದ ಹಳೆಯ ಮಂದಿರವೊಂದು ಹೊಸ ಕಟ್ಟಡಕ್ಕೆ ಎಡೆಗೊಟ್ಟುದರ ಪಾಲೂ ಇದೆ.

ಶನಿವಾರ ತೇಲಿಗಳು

ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರ ಕಥೆ ಇದಕ್ಕಿಂತ ಭಿನ್ನವಾದುದು. ಅವರು ಬಂದುಹೋಗುವ ವರ್ತಕರಲ್ಲ, ನೆಲಕ್ಕೆ ಬೇರುಬಿಟ್ಟವರು. ತಮ್ಮ ಪೂರ್ವಜರ ಹಡಗು ಅಲಿಬಾಗಿನ ಬಳಿಯ ನವಗಾಂವ್ ತೀರದಲ್ಲಿ ಒಡೆಯಿತೆಂದೂ, ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ಮಾತ್ರ ಬದುಕಿ ಉಳಿದರೆಂದೂ, ಗ್ರಂಥಗಳೆಲ್ಲ ಕಡಲಿನ ಪಾಲಾದುವೆಂದೂ ಅವರು ನಂಬುತ್ತಾರೆ. ಅವರ ಮನೆಮಾತು ಮರಾಠಿ. ನೆಲೆಸಿದ ಹಳ್ಳಿಯ ಹೆಸರಿಗೆ 'ಕರ' ಎಂಬ ಪ್ರತ್ಯಯ ಸೇರಿಸಿ ಮನೆತನದ ಹೆಸರನ್ನು ಪಡೆದರು. ಗಾಣದಿಂದ ಎಣ್ಣೆ ತೆಗೆಯುವುದು ಕಸುಬಾಯಿತು. ಶನಿವಾರದಂದು ಮಾತ್ರ ಗಾಣ ಹೂಡುತ್ತಿರಲಿಲ್ಲವಾಗಿ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ'ಗಳೆಂದು ಕರೆದರು.

ಶತಮಾನಗಳ ಕಾಲ ಈ ಜನರಿಗೆ ಮಂದಿರವಿರಲಿಲ್ಲ, ತೋರಾ ಸುರುಳಿಯಿರಲಿಲ್ಲ, ಹೀಬ್ರೂ ಓದಬಲ್ಲ ಪಂಡಿತನಿರಲಿಲ್ಲ. ಉಳಿದುದು ಇಷ್ಟೇ: ದೇವನೊಬ್ಬನೇ ಎಂದು ಸಾರುವ 'ಶೆಮಾ' ಎಂಬ ವಾಕ್ಯ, ಗಂಡುಮಗುವಿಗೆ ಎಂಟನೆಯ ದಿನದ ಸುನ್ನತಿ, ಆಹಾರದ ಕೆಲವು ನಿಯಮಗಳು, ಶನಿವಾರದ ವಿಶ್ರಾಂತಿ. ಪ್ರವಾದಿ ಎಲೀಯನ ಸ್ಮರಣೆಯಲ್ಲಿ ಅವಲಕ್ಕಿ, ತೆಂಗಿನತುರಿ, ಸಿಹಿ, ಹಣ್ಣುಗಳನ್ನು ಕೂಡಿಸಿ ಅರ್ಪಿಸುವ 'ಮಲೀದಾ' ವಿಧಿ ಅವರ ಮನೆಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಕೊಚ್ಚಿಯ ಯೆಹೂದ್ಯರೊಡನೆ ಸಂಬಂಧ ಬೆಳೆದು, ಅಲ್ಲಿನ ಬೋಧಕರಿಂದ ಮರೆತ ವಿಧಿಗಳು ಮತ್ತೆ ತಿಳಿದುಬರತೊಡಗಿದುವು. ಮಂದಿರವಿಲ್ಲದೆಯೂ ಧರ್ಮವು ಎಷ್ಟು ಕಾಲ ಉಳಿಯಬಲ್ಲದು, ಹಾಗೆ ಉಳಿಯುವಾಗ ಏನನ್ನು ಉಳಿಸಿಕೊಂಡು ಏನನ್ನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಮೈಸೂರ ಸೆರೆ

ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ಬೆನೆ ಇಸ್ರಾಯೇಲರು ಮುಂಬಯಿಗೆ ವಲಸೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರತೊಡಗಿದರು. ಅವರಲ್ಲೊಬ್ಬನು ಸಾಮಾಜಿ ಹಾಸಾಜಿ ದಿವೇಕರ್. ಸಾಮ್ಯುಯೆಲ್ ಎಜಿಕೀಲ್ ಎಂಬುದು ಅವನ ಧಾರ್ಮಿಕ ನಾಮ. ದೇಶೀಯ ಅಧಿಕಾರಿಯ ಪದವಿಗೇರಿದ ಈತನು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕಿದನು.

ಆ ಯುದ್ಧದ ರಂಗಭೂಮಿಯಲ್ಲಿ ಬಿದನೂರೂ ಒಂದಾಗಿತ್ತೆಂಬುದು ನಮಗೆ ಮುಖ್ಯವಾದ ಸಂಗತಿ. ಕೆಳದಿಯ ವೀರಶೈವ ಅರಸರ ರಾಜಧಾನಿಯಾಗಿ ಶಿವಪ್ಪ ನಾಯಕನ ಕಾಲದಲ್ಲಿ ಮೆರೆದ ಈ ಪಟ್ಟಣವು 1763ರಲ್ಲಿ ರಾಣಿ ವೀರಮ್ಮಾಜಿಯ ಕೈತಪ್ಪಿ ಹೈದರಾಲಿಯ ವಶವಾಯಿತು. ಇಪ್ಪತ್ತು ವರ್ಷಗಳ ತರುವಾಯ, 1783ರ ಆರಂಭದಲ್ಲಿ, ಮುಂಬಯಿ ಸೈನ್ಯದ ಸೇನಾನಿ ಮ್ಯಾಥ್ಯೂಸ್ ಘಟ್ಟವನ್ನೇರಿ ಬಿದನೂರನ್ನು ಹಿಡಿದನು. ಟಿಪ್ಪು ಧಾವಿಸಿ ಬಂದು ಮುತ್ತಿಗೆ ಹಾಕಲು, ಏಪ್ರಿಲ್ ಕೊನೆಯ ವೇಳೆಗೆ ಆ ಸೈನ್ಯವು ಶರಣಾಗಬೇಕಾಯಿತು. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಮಡಿದನು. ಮಂಗಳೂರಿನ ಕೋಟೆ ಬಹುಕಾಲದ ಮುತ್ತಿಗೆಯ ಬಳಿಕ 1784ರ ಜನವರಿಯಲ್ಲಿ ಟಿಪ್ಪುವಿನ ಕೈಸೇರಿತು. ಆ ವರ್ಷದ ಮಾರ್ಚ್ 11ರಂದು ಮಂಗಳೂರಿನಲ್ಲಿಯೇ ನಡೆದ ಒಪ್ಪಂದದಂತೆ ಸೆರೆಯಾಳುಗಳನ್ನು ಬಿಡಬೇಕೆಂದು ಉಭಯಪಕ್ಷದವರೂ ಒಡಂಬಟ್ಟರು.

ದಿವೇಕರನ ಸೆರೆವಾಸದ ಬಗೆಗೆ ಬೆನೆ ಇಸ್ರಾಯೇಲರಲ್ಲಿ ಒಂದು ಐತಿಹ್ಯ ಪ್ರಚಲಿತವಾಗಿದೆ. ಸೆರೆಯಾಳುಗಳನ್ನು ವಿಚಾರಿಸುವಾಗ ನೀನು ಯಾವ ಜಾತಿಯವನೆಂದು ಕೇಳಲು ಅವನು ತಾನು ಬೆನೆ ಇಸ್ರಾಯೇಲನೆಂದನು. ಇಸ್ರಾಯೇಲನ ಮಕ್ಕಳೆಂಬುದು ಅದರ ಅರ್ಥ. ಅದನ್ನು ಕೇಳಿದ ಟಿಪ್ಪುವಿನ ತಾಯಿಯು, ಆ ಹೆಸರಿನ ಜನರ ಪ್ರಸ್ತಾಪ ಪವಿತ್ರ ಕುರಾನಿನಲ್ಲಿ ಬರುವುದೆಂದೂ, ಅಂಥವರನ್ನು ಕಣ್ಣಾರೆ ಕಂಡುದು ಇದೇ ಮೊದಲೆಂದೂ ಹೇಳಿ, ಇವನನ್ನು ಕೊಲ್ಲಬಾರದೆಂದು ಮಗನಲ್ಲಿ ಬೇಡಿದಳು. ತಾಯಿಯ ಮಾತಿನಂತೆ ಅವನ ಪ್ರಾಣ ಉಳಿಯಿತು. ಕುರಾನಿನಲ್ಲಿ 'ಬನೀ ಇಸ್ರಾಯೀಲ್' ಎಂಬ ಸಂಬೋಧನೆ ಅನೇಕ ಕಡೆ ಇರುವುದಂತೂ ನಿಜ. ಐತಿಹ್ಯದ ಉಳಿದ ವಿವರಗಳನ್ನು ಐತಿಹ್ಯವೆಂದೇ ಸ್ವೀಕರಿಸಬೇಕು. ಆದರೆ ಐತಿಹ್ಯಕ್ಕೂ ಅದರದೇ ಆದ ಸಾಕ್ಷ್ಯವುಂಟು. ಸಮುದಾಯವೊಂದು ತನ್ನ ಮೊದಲ ಮಂದಿರದ ಮೂಲವನ್ನು ನೆನೆಯುವಾಗ ತನ್ನವರ ಪರಾಕ್ರಮವನ್ನು ನೆನೆಯಲಿಲ್ಲ. ಅನ್ಯಮತದ ಒಬ್ಬ ತಾಯಿಯ ಕರುಣೆಯನ್ನು ನೆನೆಯಿತು.

ಬದುಕಿ ಊರಿಗೆ ಮರಳಿದರೆ ದೇವರಿಗೊಂದು ಮಂದಿರ ಕಟ್ಟಿಸುವೆನೆಂದು ದಿವೇಕರನು ಹರಕೆ ಹೊತ್ತಿದ್ದನೆಂದು ಹೇಳುವರು. 1796ರಲ್ಲಿ ಆ ಹರಕೆ ತೀರಿತು. ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಎದ್ದ ಆ ಮಂದಿರಕ್ಕೆ ಮುಂದೆ 'ಶಾರ್ ಹರಹಮೀಮ್' ಎಂಬ ಹೆಸರು ನಿಂತಿತು. ದಯೆಯ ಬಾಗಿಲು ಎಂಬುದು ಅದರ ಅರ್ಥ. ಮಂದಿರವಾಯಿತು, ಆದರೆ ಸುರುಳಿಯಿಲ್ಲದ ಮಂದಿರವು ಲಿಂಗವಿಲ್ಲದ ಗುಡಿಯಂತೆ. ತೋರಾ ಸುರುಳಿಗಳನ್ನು ತರಲೆಂದು ದಿವೇಕರನು ಕೊಚ್ಚಿಗೆ ಪಯಣ ಬೆಳೆಸಿದನು. 1797ರಲ್ಲಿ ಅಲ್ಲಿಯೇ ಅವನು ತೀರಿಕೊಂಡನು. ತಾನು ಕಟ್ಟಿಸಿದ ಮಂದಿರದಲ್ಲಿ ತಾನು ತಂದ ಗ್ರಂಥವನ್ನು ಕೈಯಾರೆ ಇರಿಸುವ ಭಾಗ್ಯ ಅವನಿಗಿರಲಿಲ್ಲ. ಮಂದಿರವಿರುವ ಬೀದಿ ಸಾಮ್ಯುಯೆಲ್ ಸ್ಟ್ರೀಟ್ ಎಂಬ ಹೆಸರಿನಿಂದ ಅವನನ್ನು ನೆನೆಯುತ್ತದೆ.

ಹಳತು ಮತ್ತು ಹೊಸತು

ಹರಕೆಯ ಮಂದಿರ ಮೂಡಿ ಅರ್ಧಶತಮಾನವಾಗುವುದರೊಳಗೆ ಸಮುದಾಯದಲ್ಲಿ ಒಡಕು ಹುಟ್ಟಿತು. 1840ರ ದಶಕದಲ್ಲಿ ಒಂದು ಪಂಗಡದವರು ಬೇರೆಯಾಗಿ 'ಶಾರೆ ರಾಸೋನ್' ಎಂಬ ಮತ್ತೊಂದು ಮಂದಿರವನ್ನು ಸ್ಥಾಪಿಸಿದರು. ಅಂದಿನಿಂದ ಜನರ ಬಾಯಲ್ಲಿ ಮೊದಲನೆಯದು 'ಜುನಿ ಮಶೀದ್', ಎರಡನೆಯದು 'ನವಿ ಮಶೀದ್' ಆದುವು. ಮೂರ್ತಿಯಿಲ್ಲದ ಪ್ರಾರ್ಥನಾಗೃಹಕ್ಕೆ ಮರಾಠಿಯಲ್ಲಿ ಮಶೀದಿ ಎಂಬ ಪದವಲ್ಲದೆ ಬೇರೆ ಪದ ಆ ಜನರಿಗೆ ಒದಗಲಿಲ್ಲ. ಸಮೀಪದ ಮಸ್ಜಿದ್ ರೈಲು ನಿಲ್ದಾಣದ ಹೆಸರೂ ಈ ಯೆಹೂದ್ಯ ಮಂದಿರದಿಂದಲೇ ಬಂದುದೆಂದು ಹೇಳುವವರುಂಟು.

1860ರಲ್ಲಿ ದಯೆಯ ಬಾಗಿಲಿನ ಸಭೆಯು ದಿವೇಕರನು ಕಟ್ಟಿಸಿದ ಹಳೆಯ ಮಂದಿರವನ್ನು ಬಿಟ್ಟು, ಅದೇ ಪರಿಸರದಲ್ಲಿ ಈಗಿರುವ ಹೊಸ ಕಟ್ಟಡಕ್ಕೆ ಸ್ಥಾನಾಂತರಗೊಂಡಿತು. ಇಂತಹ ಸಂದರ್ಭದಲ್ಲಿ ಯೆಹೂದ್ಯರ ಸಂಪ್ರದಾಯವೆಂದರೆ ಹಳೆಯ ಪೆಟ್ಟಿಗೆಯಿಂದ ಸುರುಳಿಗಳನ್ನು ತೆಗೆದು, ಎದೆಗೆ ಆನಿಸಿಕೊಂಡು, ಮೇಲುಕಟ್ಟಿನ ನೆರಳಿನಲ್ಲಿ ಹಾಡುತ್ತ ಮೆರವಣಿಗೆಯಲ್ಲಿ ಒಯ್ದು ಹೊಸ ಪೆಟ್ಟಿಗೆಯಲ್ಲಿ ಇರಿಸುವುದು. ಕಟ್ಟಡ ಬದಲಾಯಿತು, 'ದಯೆಯ ಬಾಗಿಲು' ಎಂಬ ಹೆಸರು ಬದಲಾಗಲಿಲ್ಲ. ಹೊಸ ಕಟ್ಟಡಕ್ಕೆ ಬಂದ ಮೇಲೆಯೂ ಅದು 'ಜುನಿ ಮಶೀದ್', ಎಂದರೆ ಹಳೆಯ ಮಂದಿರವೇ ಆಗಿ ಉಳಿಯಿತು. ಜನರ ಈ ಆಡುಮಾತಿನಲ್ಲಿ ಶಾಸ್ತ್ರದ ಸಾರವೇ ಅಡಗಿದೆ. ಹಳತು ಎಂಬ ವಿಶೇಷಣ ಸಲ್ಲುವುದು ಕಲ್ಲುಗಾರೆಗಲ್ಲ, ಕೂಡುವ ಸಭೆಗೆ. ಸಭೆಯು ಹಳೆಯದಾದುದರಿಂದ ಹೊಸ ಗೋಡೆಗಳೂ ಹಳೆಯವಾದುವು.

ನಗರದ ವಿಸ್ತಾರದೊಡನೆ ಸಮುದಾಯವೂ ಚದುರಿತು. ಠಾಣೆಯಲ್ಲಿ 1879ರಲ್ಲಿ 'ಶಾರ್ ಹಶಾಮಾಯಿಂ', ಎಂದರೆ ಸ್ವರ್ಗದ ಬಾಗಿಲು, ಎಂಬ ಮಂದಿರವೆದ್ದಿತು. ಬಾಗ್ದಾದಿನಿಂದ ಬಂದ ಸಾಸೂನ್ ಮನೆತನದವರು ಮುಂಬಯಿಯ ಬೈಕಲ್ಲಾದಲ್ಲಿ 1861ರಲ್ಲಿಯೂ, ಕೋಟೆ ಪ್ರದೇಶದಲ್ಲಿ 1884ರಲ್ಲಿಯೂ ಭವ್ಯ ಮಂದಿರಗಳನ್ನು ಕಟ್ಟಿಸಿದರು. ಕನ್ನಡ ನಾಡಿನ ಬೆಂಗಳೂರಿನಲ್ಲಿಯೂ ಈ ಸಮಾಜದವರು ಕೆಲವರಿದ್ದರು. 1904ರಲ್ಲಿ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅವರ ರುದ್ರಭೂಮಿಗೆ ಮೈಸೂರು ರಸ್ತೆಯ ಬಳಿ ಸ್ಥಳವನ್ನು ದಯಪಾಲಿಸಿದರು. ಒಬ್ಬ ಬೆನೆ ಇಸ್ರಾಯೇಲನು ಮೈಸೂರ ಅರಸನ ಸೆರೆಯಲ್ಲಿದ್ದ ಕಾಲದಿಂದ ಒಂದೇಕಾಲು ಶತಮಾನದೊಳಗೆ ಮೈಸೂರಿನ ಇನ್ನೊಬ್ಬ ಅರಸರು ಯೆಹೂದ್ಯರಿಗೆ ಚಿರವಿಶ್ರಾಂತಿಯ ನೆಲವನ್ನಿತ್ತರೆಂಬುದು ಚರಿತ್ರೆಯ ಒಂದು ಸೌಜನ್ಯ.

ಗೋಡೆಯೊಂದು ಕಡೆ, ಒಳಗೊಂದು ಕಡೆ

ದಿವೇಕರನು ಸುರುಳಿಗಾಗಿ ಹೋದ ಕೊಚ್ಚಿಯಲ್ಲಿ ಈ ಪ್ರಶ್ನೆಯು ಮತ್ತಷ್ಟು ತೀವ್ರವಾದ ರೂಪವನ್ನು ತಾಳಿತು. ಆ ಸಮುದಾಯದ ಚರಿತ್ರೆಯೇ ಸ್ಥಾನಾಂತರಗಳ ಚರಿತ್ರೆ. ಕ್ರಿ. ಶ. 1000ದ ಸುಮಾರಿಗೆ ಚೇರ ಅರಸ ಭಾಸ್ಕರ ರವಿವರ್ಮನಿಂದ ಜೋಸೆಫ್ ರಬ್ಬಾನನು ತಾಮ್ರಶಾಸನದ ಮೂಲಕ ಹಕ್ಕುಬಾಧ್ಯತೆಗಳನ್ನು ಪಡೆದುದು ಕೊಡುಂಗಲ್ಲೂರು ಸೀಮೆಯಲ್ಲಿ. ಹದಿನಾರನೆಯ ಶತಮಾನದ ಕಲಹಗಳಿಂದ ಅಲ್ಲಿನ ನೆಲೆ ಅಳಿದು ಜನರು ಕೊಚ್ಚಿಯ ಅರಸರ ಆಶ್ರಯಕ್ಕೆ ಬಂದರು. ಅರಮನೆಯ ಮಗ್ಗುಲಲ್ಲೇ 1568ರಲ್ಲಿ ಪರದೇಶಿ ಮಂದಿರವನ್ನು ಕಟ್ಟಿಕೊಂಡರು. 1662ರಲ್ಲಿ ಪೋರ್ಚುಗೀಸರಿಂದ ಅದು ಹಾನಿಗೊಂಡಿತು. ಮರುವರ್ಷ ಕೊಚ್ಚಿಯು ಡಚ್ಚರ ವಶವಾದ ಬಳಿಕ ಅದನ್ನು ಮತ್ತೆ ಸರಿಪಡಿಸಲಾಯಿತು.

ಇಸ್ರೇಲ್ ರಾಷ್ಟ್ರವು 1948ರಲ್ಲಿ ಸ್ಥಾಪನೆಯಾದ ಮೇಲೆ, ಮುಖ್ಯವಾಗಿ 1950ರ ದಶಕದಲ್ಲಿ, ಕೊಚ್ಚಿಯ ಯೆಹೂದ್ಯರಲ್ಲಿ ಬಹುಪಾಲು ಮಂದಿ ಅಲ್ಲಿಗೆ ಹೊರಟುಹೋದರು. ಅವರನ್ನು ಇಲ್ಲಿಂದ ಅಟ್ಟಿದವರಾರೂ ಇಲ್ಲ. ಪುಣ್ಯಭೂಮಿಗೆ ಮರಳುವ ಹಂಬಲವೇ ಸೆಳೆಯಿತು. ಹೋಗುವಾಗ ಸುರುಳಿಗಳನ್ನು ಒಯ್ದರು. ಮಾಳ ಎಂಬ ಊರಿನವರು ತಮ್ಮ ಮಂದಿರವನ್ನು 1955ರಲ್ಲಿ ಸ್ಥಳೀಯ ಪಂಚಾಯಿತಿಗೆ ಒಪ್ಪಿಸಿ ಹೊರಟರು. ಮಟ್ಟಾಂಚೇರಿಯ ಕಡವುಂಭಾಗಂ ಮಂದಿರದ ಗತಿಯಂತೂ ವಿಲಕ್ಷಣವಾದುದು. ಹದಿನಾರನೆಯ ಶತಮಾನದ ಆ ಮಂದಿರವು ಸಭೆಯಿಲ್ಲದೆ ಉಗ್ರಾಣವಾಗಿ ಬಳಕೆಯಾಯಿತು. 1991ರಲ್ಲಿ ಅದರ ಕೆತ್ತನೆಯ ಮರಗೆಲಸದ ಒಳಭಾಗವನ್ನು ಕೊಂಡು, ಬಿಚ್ಚಿ, ಜೆರೂಸಲೇಮಿಗೆ ಸಾಗಿಸಲಾಯಿತು. 1995ರಿಂದ ಅದು ಅಲ್ಲಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿದೆ. ಬರಿಯ ಗೋಡೆಗಳು ಮಟ್ಟಾಂಚೇರಿಯಲ್ಲಿಯೇ ನಿಂತು ಮಳೆ ಬಿಸಿಲುಗಳಲ್ಲಿ ನವೆದು 2019ರಲ್ಲಿ ಕುಸಿದುಬಿದ್ದುವು.

ಹಾಗಾದರೆ ಆ ಮಂದಿರ ಎಲ್ಲಿದೆ? ಕುಸಿದ ಗೋಡೆಯಿದ್ದಲ್ಲಿಯೇ, ಮರಗೆಲಸವಿರುವ ವಸ್ತುಸಂಗ್ರಹಾಲಯದಲ್ಲಿಯೇ, ಸುರುಳಿಗಳನ್ನು ಒಯ್ದ ಜನರು ಇಂದು ಕೂಡುವ ಹೊಸ ಮಂದಿರಗಳಲ್ಲಿಯೇ? ಮಿಶ್ನಾದ ನಿಚ್ಚಣಿಕೆಯಂತೆ ನೋಡಿದರೆ ಮೂರನೆಯದೇ ಉತ್ತರ. ಆದರೆ ಹಾಳುಬಿದ್ದ ಮಂದಿರದ ಹುಲ್ಲನ್ನು ಕೀಳಬೇಡಿರೆಂದು ಹೇಳಿದ ಅದೇ ಮಿಶ್ನಾ ಮೊದಲನೆಯದನ್ನೂ ಮರೆಯಗೊಡದು. ಮುಂಬಯಿಯ ಹಳೆಯ ಬಡಾವಣೆಗಳಲ್ಲಿಯೂ ಸ್ಥಿತಿ ಇದಕ್ಕೆ ಸಮೀಪವಾಗಿದೆ. ಸ್ವಾತಂತ್ರ್ಯದ ವೇಳೆಗೆ ಇಪ್ಪತ್ತು ಸಾವಿರದಷ್ಟಿದ್ದ ಬೆನೆ ಇಸ್ರಾಯೇಲರಲ್ಲಿ ಈಗ ಭಾರತದಲ್ಲಿರುವವರು ಕೆಲವೇ ಸಾವಿರ. ಅವರಲ್ಲಿಯೂ ಬಹುಮಂದಿ ಠಾಣೆ ಮತ್ತು ಉಪನಗರಗಳಲ್ಲಿ ನೆಲೆಸಿದ್ದಾರೆ. ಗೋಡೆಗಳನ್ನು ಹಣದಿಂದ ದುರಸ್ತಿ ಮಾಡಿಸಬಹುದು. ಹತ್ತು ಮಂದಿಯನ್ನು ಹಣದಿಂದ ಕೂಡಿಸಲಾಗದು.

ನಮಗಿರುವ ಪಾಠ

ಸ್ಥಾವರ ಜಂಗಮಗಳ ವಿವೇಕವು ವೀರಶೈವ ಸಾಹಿತ್ಯದ ವಾಚಕರಿಗೆ ಹೊಸದಲ್ಲ. ಕಲ್ಯಾಣದ ವಿಪ್ಲವದ ತರುವಾಯ ಶರಣರು ಮಹಾಮನೆಯನ್ನು ಹೊತ್ತೊಯ್ಯಲಿಲ್ಲ. ಚೆನ್ನಬಸವಣ್ಣನವರೊಡನೆ ಉಳವಿಯ ಕಾಡಿಗೆ ಸಾಗಿದುದು ಕರಸ್ಥಲದ ಲಿಂಗ ಮತ್ತು ಬಾಯಲ್ಲಿದ್ದ, ಓಲೆಯಲ್ಲಿದ್ದ ವಚನ. ಆದರೆ ಹೊತ್ತೊಯ್ದುದೆಲ್ಲ ತಾನಾಗಿ ಉಳಿಯುತ್ತದೆಂದು ಭಾವಿಸುವುದು ತಪ್ಪು. ಮಠಮನೆಗಳ ಅಟ್ಟಗಳಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಧೂಳು ತಿನ್ನುತ್ತಿದ್ದ ಓಲೆಗಳನ್ನು ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸದಿದ್ದರೆ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನೂ 1926ರಿಂದ 'ಶಿವಾನುಭವ' ಪತ್ರಿಕೆಯನ್ನೂ ಹೊರತರದಿದ್ದರೆ, ನಮ್ಮ ಗೆನೀಜಾ ಇಂದಿಗೂ ಬಹುಮಟ್ಟಿಗೆ ಮುಚ್ಚಿಯೇ ಇರುತ್ತಿತ್ತು. ಬೆನೆ ಇಸ್ರಾಯೇಲರಿಗೂ ಒಂದು ವಾಕ್ಯ ಉಳಿದು ಗ್ರಂಥ ಮರೆತುಹೋದ ಶತಮಾನಗಳಿದ್ದುವು. ಜಂಗಮವು ಅಳಿಯದಿರಬೇಕಾದರೆ ಅದನ್ನು ನಡೆಸುವ ಕಾಲುಗಳು ಬೇಕು.

ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಕೈಯಲ್ಲೇನಿದೆ? ಜೊತೆಯಲ್ಲಿ ಯಾರಿದ್ದಾರೆ? 1860ರಲ್ಲಿ ದಯೆಯ ಬಾಗಿಲಿನ ಸಭೆಗೆ ಈ ಎರಡಕ್ಕೂ ಉತ್ತರವಿತ್ತು. ಆದುದರಿಂದಲೇ ಹೊಸ ಕಟ್ಟಡವು ಹಳೆಯ ಮಂದಿರವೆನಿಸಿತು. ಮಟ್ಟಾಂಚೇರಿಯ ಗೋಡೆಗಳಿಗೆ ಎರಡಕ್ಕೂ ಉತ್ತರವಿರಲಿಲ್ಲ. ಇಂದು ನಮ್ಮ ಮಠಗಳೂ ಗುಡಿಗಳೂ ಕಲ್ಲುಕಂಬ ಬಿಟ್ಟು ಕಾಂಕ್ರೀಟಿಗೆ, ಹಳ್ಳಿ ಬಿಟ್ಟು ಪಟ್ಟಣಕ್ಕೆ ಸ್ಥಾನಾಂತರಗೊಳ್ಳುತ್ತಿರುವಾಗ, ಶಂಕುಸ್ಥಾಪನೆಯ ಕಲ್ಲನ್ನಿಡುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಕೊಚ್ಚಿಯ ಮಣ್ಣಿನಲ್ಲಿ ಮಲಗಿದ ಆ ಸೈನಿಕನು ಕಟ್ಟಡ ಕಟ್ಟಿಸಿದ ಮೇಲೆ ತನ್ನ ಹರಕೆ ತೀರಿತೆಂದು ಮನೆಯಲ್ಲಿ ಕೂರಲಿಲ್ಲ. ಗ್ರಂಥವನ್ನು ತರಲು ಹೊರಟನು. ಅವನ ಕೊನೆಯ ಪಯಣವು ಆ ಗ್ರಂಥಕ್ಕಾಗಿಯೇ ಆಯಿತು.